ಲಾಳಿಯ ಕಣ್ಣು

ತಪ್ಪು ಡಬ್ಬಿಯದೋ, ತನ್ನದೋ? ಒಳಗಿನ ಯಂತ್ರ ಕೆಲಸ ಮಾಡುತ್ತಿದೆ, ಅದರಲ್ಲಿ ಅನುಮಾನವಿಲ್ಲ. ಹಾಗಿದ್ದ ಮೇಲೆ ವೈನಿ ಅದನ್ನು ಸೊಂಟದಿಂದ ಬಿಚ್ಚಿ ಮತ್ತೆ ಮತ್ತೆ ಕಿಟಕಿಯಲ್ಲಿ ಇಡುವುದೇಕೆ? ಆಕೆಗೆ ಬೇಕಾದದ್ದನ್ನು ತಾನು ಮಾಡುತ್ತಿದ್ದೇನೆಯೇ, ಇಲ್ಲಾ ತನ್ನ ಸಮಾಧಾನಕ್ಕೆ ಏನನ್ನೋ ಮಾಡಿ ಆಕೆಯ ಸೊಂಟಕ್ಕೆ ಕಟ್ಟುತ್ತಿದ್ದೇನೆಯೇ?

ಬನಹಟ್ಟಿಯ ಆ ಹನ್ನೆರಡು ಮಗ್ಗಗಳ ಕಾರ್ಖಾನೆಯ ಬಾಗಿಲಲ್ಲಿ ನಿಂತು ಚಿದಾನಂದ ಹೀಗೆ ತನ್ನನ್ನೇ ವಿಚಾರಿಸಿಕೊಳ್ಳುತ್ತಿದ್ದ. ಎದುರಿಗೆ, ನಾಲ್ಕನೆಯ ಮಗ್ಗದ ಮುಂದೆ, ಅವನ ವೈನಿ, ಎಂದರೆ ತೀರಿಹೋದ ಅಣ್ಣನ ಹೆಂಡತಿ, ಮಹಾನಂದಾ ನಿಂತಿದ್ದಳು. ಆಕೆಯ ಬಲಗಿವಿಯಲ್ಲಿ ಅಂಗಿಯ ಗುಂಡಿಯಷ್ಟು ಚಿಕ್ಕ ಶ್ರವಣಬಿಲ್ಲೆ, ಸೊಂಟದಲ್ಲಿ ಅವನು ಮಾಡಿದ ಮೂರನೆಯ ಡಬ್ಬಿ. ಯಂತ್ರ ಆಗಷ್ಟೇ ಮಗ್ಗದ ತಾಳವನ್ನು ಕಲಿತು ಸದ್ದನ್ನು ಅಳಿಸತೊಡಗಿತ್ತು. ಆಕೆಯ ಹುಬ್ಬು ಸಡಿಲಾದದ್ದನ್ನು ಅವನು ಕಂಡ. ಮರುಗಳಿಗೆ ಆಕೆ ಮುಂದಕ್ಕೆ ಬಾಗಿದಳು. ಮಗ್ಗಕ್ಕೆ ಉದ್ದಕ್ಕೆ ಬಿಗಿದ ಹಾಸಿನ ಎಳೆಯೊಂದು ಡಬ್ಬಿಯ ಅಂಚಿಗೆ ಸಿಕ್ಕಿತು, ಅದರ ಹಿಂದೆಯೇ ಇಪ್ಪತ್ತು ಎಳೆಗಳು ಪಟಪಟನೆ ಹರಿದವು. ಮಹಾನಂದಾ ಮಗ್ಗ ನಿಲ್ಲಿಸಿದಳು, ಡಬ್ಬಿ ಬಿಚ್ಚಿ ಕಿಟಕಿಯಲ್ಲಿಟ್ಟಳು.

ಮಧ್ಯಾಹ್ನ ಊಟದ ಹೊತ್ತಿಗೆ ಮಗ್ಗಗಳೆಲ್ಲ ನಿಂತಾಗ ಆಕೆ ಹೊರಗೆ ಬಂದು ಅವನ ಕೈಗೆ ಡಬ್ಬಿ ಕೊಟ್ಟಳು.

“ಚಿದೂ, ನಿನ್ನ ಯಂತ್ರ ಛಲೋ ಐತೋ. ಡಬ್ಬಿ ಒಂದ ನನ್ನ ವೈರಿ.”

“ಮುಂದಿನದು ಹಿಂಗಾಗೂದಿಲ್ರಿ ವೈನಿ.”

“ಹಿಂಗಂತ ಮೂರು ಸಲ ಅಂದೀ.”

ಪಕ್ಕದ ಮಗ್ಗದ ಚಂಪವ್ವ ಬುತ್ತಿ ಬಿಚ್ಚುತ್ತ ನಕ್ಕಳು. ಆ ಕಾರ್ಖಾನೆಯಲ್ಲಿ ಆಕೆಯ ನಾಲಿಗೆಗೆ ಸಿಗದವರಿಲ್ಲ. “ಮಹಾನಂದಾ, ನಿನ್ನ ಮೈದುನಗ ಹೇಳಽ, ಅದಕ್ಕೊಂದು ಹಿಡಿಕಿ ಹಚ್ಚು ಅಂತ. ನೀರು ತರಾಕರ ಬರತೈತಿ.”

ಆ ಕಾಲಕ್ಕೆ ಶಹರಗಳಲ್ಲಿ ಮೌನ ಕೊಳ್ಳಲು ಸಿಗುತ್ತಿತ್ತು. ರೈಲಿನ ಬೋಗಿಗಳಲ್ಲಿ, ಆಸ್ಪತ್ರೆಯ ಕೋಣೆಗಳಲ್ಲಿ, ಹೆದ್ದಾರಿಯ ಬದಿಯ ಮನೆಗಳಲ್ಲಿ ಪ್ರತಿನಾದಕ ಎಂಬ ಯಂತ್ರ ಬಂದು ಹತ್ತು ವರ್ಷಗಳಾಗಿದ್ದವು. ಸದ್ದೆಂದರೆ ಗಾಳಿಯಲ್ಲಿ ಏಳುವ ಅಲೆ. ಅಲೆ ಉಬ್ಬುವ ಕಡೆ ತಗ್ಗನ್ನೂ, ತಗ್ಗುವ ಕಡೆ ಉಬ್ಬನ್ನೂ ಎದುರಿಟ್ಟರೆ ಎರಡೂ ಸೇರಿ ಸಪಾಟಾಗುತ್ತವೆ. ಕಿವಿಗೆ ಏನೂ ತಲುಪುವುದಿಲ್ಲ. ಆದರೆ ಶಹರದ ಪ್ರತಿನಾದಕ ನೇಕಾರರಿಗೆ ಬೇಡವಾದ ವಸ್ತು. ಲಾಳಿಯಿಲ್ಲದ ಮಗ್ಗಗಳು ಎಷ್ಟೋ ಊರುಗಳಿಗೆ ಬಂದಿದ್ದರೂ ಹಳೆಯ ಬಗೆಯ ಅಂಚಿನ ಸೀರೆಗೆ ನೂಲು ಹೊತ್ತು ಅತ್ತಿತ್ತ ಹಾರುವ ಲಾಳಿಯೇ ಇನ್ನೂ ಬೇಕಿತ್ತು, ಮತ್ತು ಲಾಳಿಯ ಮಗ್ಗವನ್ನು ನಡೆಸುವುದು ಕಣ್ಣಿಗಿಂತ ಹೆಚ್ಚಾಗಿ ಕಿವಿ. ಎಳೆ ಹರಿದರೆ ಸದ್ದು ಬದಲಾಗುತ್ತದೆ. ಲಾಳಿ ಓರೆಯಾಗಿ ಹಾರುವ ಮೊದಲು ಮಗ್ಗ ಒಮ್ಮೆ ಕೆಮ್ಮುತ್ತದೆ. ಎಲ್ಲವನ್ನೂ ಅಳಿಸಿದರೆ ನೇಯುವವಳು ಕುರುಡಾದಂತೆಯೇ. ಕಿವಿಗೆ ಹತ್ತಿ ತುರುಕಿಕೊಳ್ಳಲು ಮಹಾನಂದಾ ಒಪ್ಪದಿದ್ದುದಕ್ಕೂ ಇದೇ ಕಾರಣ.

ಆಕೆಯ ಎಡಗಿವಿ ಪೂರ್ತಿ ಹೋಗಿತ್ತು. ಸಣ್ಣವಳಿದ್ದಾಗ ಜ್ವರ ಬಂದು ಹೋದದ್ದು ಎಂದು ಆಕೆ ಅವನಿಗೆ ಹೇಳಿದ್ದಳು. ಬಲಗಿವಿಯಲ್ಲಿ ಅರ್ಧ ಉಳಿದಿತ್ತು. ಹುಬ್ಬಳ್ಳಿಯ ಕಿವಿಯ ವೈದ್ಯೆ ಶ್ರವಣದ ನಕ್ಷೆಯನ್ನು ತೋರಿಸಿ, “ಇದೇ ಸದ್ದಿನಲ್ಲಿ ಇನ್ನೊಂದು ವರ್ಷ ನಿಂತರೆ ಈ ಅರ್ಧವೂ ಹೋಗುತ್ತದೆ. ಹೋದದ್ದು ವಾಪಸು ಬರುವುದಿಲ್ಲ” ಎಂದಿದ್ದರು. ಕೆಲಸ ಬಿಡಿರಿ ಎಂದು ಚಿದಾನಂದ ಅಂಗಲಾಚಿದ. “ಬಿಟ್ಟು ಮನ್ಯಾಗ ಏನ ಮಾಡ್ಲಿ? ನಿನ್ನ ಮಾರಿ ನೋಡ್ಕೋತ ಕೂಡ್ಲ್ಯಾ? ನೀ ಬಾಯಿ ಬಿಡೂದು ವಾರಕ್ಕೊಮ್ಮಿ” ಎಂದಳು. ಅದು ಸುಳ್ಳಲ್ಲ. ಊರಿನ ಕಾಲೇಜಿನ ಭೌತಶಾಸ್ತ್ರ ಪ್ರಯೋಗಾಲಯದಲ್ಲಿ ಸಹಾಯಕನಾಗಿದ್ದ ಚಿದಾನಂದ ಮಾತಿಗಿಂತ ಮೌನದಲ್ಲಿ ಹಗುರಾಗುವ ಮನುಷ್ಯ. ಎಂಟು ವರ್ಷದವನಿದ್ದಾಗ ತಾಯಿ ಹೋದಳು, ಹತ್ತನೆಯ ತರಗತಿಯಲ್ಲಿದ್ದಾಗ ಅಣ್ಣ ಶಿವಪುತ್ರ ಹೋದ. ಆಮೇಲೆ ಅವನನ್ನು ಓದಿಸಿದವಳು, ಉಣಿಸಿದವಳು, ಬೈದವಳು ವೈನಿ ಒಬ್ಬಳೇ.

ಅವನು ಮನೆಯಲ್ಲೇ ಕೂಡಿಸಿದ ಯಂತ್ರ ಎಲ್ಲ ಸದ್ದನ್ನೂ ಅಳಿಸುತ್ತಿರಲಿಲ್ಲ. ಮಗ್ಗದ ಪೆಟ್ಟು ಒಂದೇ ತಾಳದಲ್ಲಿ ಬೀಳುತ್ತದೆ. ಅದನ್ನು ಕೆಲವು ನಿಮಿಷ ಕೇಳಿ ಕಲಿತು, ಮುಂದಿನ ಪೆಟ್ಟು ಬೀಳುವ ಮೊದಲೇ ಅದರ ಎದುರಲೆಯನ್ನು ಸಿದ್ಧಮಾಡಿಟ್ಟುಕೊಳ್ಳುತ್ತಿತ್ತು. ತಾಳಕ್ಕೆ ಹೊಂದಿದ್ದೆಲ್ಲ ಅಳಿಯುತ್ತಿತ್ತು; ತಾಳ ತಪ್ಪಿದ್ದು ಮಾತ್ರ, ಹರಿದ ಎಳೆಯಂಥದು, ತುಸು ದೊಡ್ಡದಾಗಿ ಕಿವಿಗೆ ಬರುತ್ತಿತ್ತು. ಈ ಉಪಾಯ ಹೊಳೆಯಲು ಎರಡು ತಿಂಗಳು ಹಿಡಿದಿತ್ತು. ಡಬ್ಬಿ ಅರ್ಧ ದಿನದ ಕೆಲಸವೆಂದು ಅವನು ತಿಳಿದಿದ್ದ.

ಮೊದಲನೆಯದು ಅಂಗಡಿಯಿಂದ ತಂದ ಪ್ಲಾಸ್ಟಿಕ್ ಡಬ್ಬಿ. ಗಾಳಿಯಾಡಲೆಂದು ಕೊರೆದ ತೂತುಗಳಲ್ಲಿ ಕಾರ್ಖಾನೆಯ ಹತ್ತಿಧೂಳು ಹೊಕ್ಕು ಸಂಜೆಯೊಳಗೆ ಒಳಗೊಂದು ಹಾಸಿಗೆಯೇ ಆಗಿತ್ತು. ಯಂತ್ರ ಬೆಂದುಹೋಯಿತು. ಎರಡನೆಯದು ಅಲ್ಯೂಮಿನಿಯಮ್ಮಿನದು, ನುಣುಪಾಗಿತ್ತು. ಆದರೆ ಲೋಹ ರೇಡಿಯೋ ಅಲೆಗಳನ್ನು ಹೊರಗೆ ಬಿಡದೆ ಶ್ರವಣಬಿಲ್ಲೆಯನ್ನು ಮೂಕವಾಗಿಸಿತು. ಮೂರನೆಯದನ್ನು ಕಾಲೇಜಿನ ಪದರಮುದ್ರಕದಲ್ಲಿ, ಪ್ಲಾಸ್ಟಿಕ್ಕನ್ನು ಪದರಪದರವಾಗಿ ಪೇರಿಸಿ, ಸೊಂಟದ ಅಳತೆಗೆ ಸರಿಯಾಗಿ ಮಾಡಿಸಿದ. ಕಣ್ಣಿಗೆ ಕಾಣದ ಆ ಪದರಗಳ ಗೆರೆಗಳು ರೇಷ್ಮೆ ಎಳೆಗೆ ಅರದ ಹಲ್ಲುಗಳಾದವು.

ಸಂಜೆ ಆ ಡಬ್ಬಿಯನ್ನು ಮೊದಲು ಕೈಗೆ ತೆಗೆದುಕೊಂಡವನು ಮಕ್ತುಮಸಾಬ. ಅವನು ಜಾಬರ್, ಹನ್ನೆರಡು ಮಗ್ಗಗಳ ದುರಸ್ತಿಯೆಲ್ಲ ಅವನದೇ. ಅರವತ್ತು ದಾಟಿದ್ದ. ಡಬ್ಬಿಯ ಮೇಲೆ ಹೆಬ್ಬೆರಳು ಆಡಿಸಿ ನಾಲಿಗೆ ಲೊಚಗುಟ್ಟಿದ.

“ತಮ್ಮಾ, ನೀ ಎಷ್ಟು ಕಲ್ತೀ?”

“ಎಂ.ಎಸ್ಸಿ. ಕಾಕಾ.”

“ಅದಕ್ಕಽ. ಎಳಿ ಹಿಡೀಬಾರದು ಅಂತನಽ ಹುಟ್ಟಿದ ವಸ್ತು ಒಂದು ಈ ಕಾರ್ಖಾನ್ಯಾಗ ಐತಿ. ದಿನಾ ನೋಡ್ತೀ. ಯಾವುದು, ಹೇಳು?”

ಚಿದಾನಂದ ಮಗ್ಗಗಳ ಕಡೆ ಕಣ್ಣಾಡಿಸಿದ. ಮಕ್ತುಮಸಾಬ ತನ್ನ ಸಾಮಾನಿನ ಪೆಟ್ಟಿಗೆ ಕೆದಕಿ, ಹಿಂದಿನ ತುದಿ ಒಡೆದ ಹಳೆಯ ಲಾಳಿಯೊಂದನ್ನು ತೆಗೆದು ಅವನ ಅಂಗೈಯಲ್ಲಿಟ್ಟ. ಹಾಸಿನ ಸಾವಿರಾರು ಎಳೆಗಳ ನಡುವೆ ಲಕ್ಷಗಟ್ಟಲೆ ಸಲ ಓಡಾಡಿ ಸವೆದ ಮರ, ನೀರಿನಲ್ಲಿ ಬಿದ್ದ ಕಲ್ಲಿನಷ್ಟು ನುಣುಪು. ನಡುವೆ ನೂಲು ಸುತ್ತಿದ ಕಂಡಿಕೆ ಕೂರುವ ಪೊಳ್ಳು. ಮೂತಿಯ ಬದಿಗೆ, ಅಡ್ಡಕ್ಕೆ ಹಾಯುವ ಹೊಕ್ಕಿನ ಎಳೆ ಹೊರಬರಲೆಂದು, ಪಿಂಗಾಣಿಯ ಪುಟ್ಟ ಕಣ್ಣು.

“ಹಿಂದ ಕೊಯ್ದು ಹಾಕೂಣು. ಮೂತಿ, ಕಣ್ಣು, ಇಷ್ಟು ಪೊಳ್ಳು ಉಳದ್ರ ಸಾಕಲ್ಲ?” ಎಂದು ಮಕ್ತುಮಸಾಬ ಉಗುರಿನಿಂದ ಗೆರೆ ಎಳೆದ. “ನಿನ್ನ ಯಂತ್ರ ಹಿಡೀತೈತೇನು ನೋಡು.”

ಪೊಳ್ಳಿನ ಅಗಲ ಒಂದು ಅಂಗುಲಕ್ಕೂ ಕಡಿಮೆ. ಚಿದಾನಂದ ಯಂತ್ರದ ಹಲಗೆಯನ್ನು ಎರಡಾಗಿ ಒಡೆದು ಒಂದರ ಮೇಲೊಂದು ಕೂರಿಸಿದ, ಬ್ಯಾಟರಿಯನ್ನು ಮೂತಿಯ ಕಡೆಗೆ ತಳ್ಳಿದ. ಹಿಂದಿನ ಡಬ್ಬಿಗಳಲ್ಲಿ ಮುಚ್ಚಿಕೊಂಡೇ ಇದ್ದ, ಸದ್ದು ಹಿಡಿಯುವ ಧ್ವನಿಗ್ರಾಹಿಯನ್ನು ಈ ಸಲ ಲಾಳಿಯ ತೆರೆದ ಕಣ್ಣಿನ ಹಿಂದೆಯೇ ನಿಲ್ಲಿಸಿದ. ಇನ್ನೊಂದು ತೂತು ಬೇಕಾಗಲಿಲ್ಲ. ಸ್ಕ್ರೂಗಳೂ ಬೇಕಾಗಲಿಲ್ಲ, ಮಕ್ತುಮಸಾಬ ಅದೇ ಮರದ ಜಾರುಮುಚ್ಚಳ ಕೊರೆದು, ಮೇಣ ತಿಕ್ಕಿ, ರೇಷ್ಮೆಯ ಚೂರೊಂದರಿಂದ ಉಜ್ಜಿ ಪರೀಕ್ಷಿಸಿದ. ಒಂದು ನಾರೂ ಏಳಲಿಲ್ಲ. ಎಲೆಯಡಿಕೆಯ ಚೀಲಕ್ಕಿಂತ ಚಿಕ್ಕದಾದ ಆ ವಸ್ತುವಿಗೆ ಅವನೇ ‘ಕಿವಿಲಾಳಿ’ ಎಂದು ಹೆಸರಿಟ್ಟ.

ಸೋಮವಾರ ಬೆಳಿಗ್ಗೆ ಮಹಾನಂದಾ ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಎರಡು ಸಲ ಬಾಗಿದಳು. ಎಳೆ ಹಿಡಿಯಲಿಲ್ಲ. ಮೂರನೆಯ ಸಲ ಬೇಕೆಂದೇ ಹಾಸಿನ ಮೇಲೆ ಒರಗಿದಳು. ಹಿಡಿಯಲಿಲ್ಲ. ಬಾಗಿಲಲ್ಲಿದ್ದ ಚಿದಾನಂದನ ಕಡೆ ತಿರುಗಿ ಎರಡೂ ಕೈ ಎತ್ತಿ ತೋರಿಸಿದಳು. ಆ ಗಳಿಗೆಯಲ್ಲಿ ಅವನ ಎದೆಯಿಂದ ಏನೋ ಇಳಿದುಹೋಯಿತು.

ಹತ್ತು ನಿಮಿಷಕ್ಕೆ ಹೊಕ್ಕಿನ ನೂಲು ಮುಗಿಯಿತು. ಆಕೆ ಮಗ್ಗ ನಿಲ್ಲಿಸಿ ಹೊಸ ಕಂಡಿಕೆ ಕೈಗೆತ್ತಿಕೊಂಡಳು. ಲಾಳಿಗೆ ಕಂಡಿಕೆ ಹಾಕಿದ ಮೇಲೆ ಎಳೆಯನ್ನು ಕಣ್ಣಿನಿಂದ ಹೊರತರಲು ಅಲ್ಲಿನವರು ಸೂಜಿ ಬಳಸುವುದಿಲ್ಲ. ಕಣ್ಣಿಗೆ ತುಟಿಯಿಟ್ಟು ಒಮ್ಮೆ ಹೀರಿದರೆ ಎಳೆ ಬಾಯಿಗೆ ಬರುತ್ತದೆ. ಇಪ್ಪತ್ತೆಂಟು ವರ್ಷ ದಿನಕ್ಕೆ ಐವತ್ತು ಸಲ ಮಾಡಿದ ಕೆಲಸ; ಬದಲಿ ಲಾಳಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳುವುದೂ ಅಷ್ಟೇ ಹಳೆಯ ರೂಢಿ. ಮಹಾನಂದಾಳ ಕೈ ಸೊಂಟಕ್ಕೆ ಹೋಯಿತು, ಅಲ್ಲಿ ಲಾಳಿ ಸಿಕ್ಕಿತು, ತುಟಿ ಕಣ್ಣಿನ ಮೇಲೆ ಕೂತಿತು, ಆಕೆ ಬಲವಾಗಿ ಹೀರಿದಳು. ಬಾಯಿಗೆ ಎಳೆ ಬರಲಿಲ್ಲ. ಬಾಯಿಯ ತೇವವೇ ಒಳಗೆ ಹೋಯಿತು. ಧ್ವನಿಗ್ರಾಹಿ ಸತ್ತಿತು.

ಊಟದ ಹೊತ್ತಿಗೆ ಚಂಪವ್ವ ನಗುವುದನ್ನು ನಿಲ್ಲಿಸಲು ನೀರು ಕುಡಿಯಬೇಕಾಯಿತು. “ಸೈಂಟಿಸ್ಟ್ ಸಾಹೇಬ್ರ, ನಿಮ್ಮ ವೈನಿ ನಿಮ್ಮ ಯಂತ್ರದ ಜೀವಾನಽ ಹೀರಿಬಿಟ್ರಲ್ರಿ!”

“ಬೈಯೋ,” ಎಂದಳು ಮಹಾನಂದಾ ತಲೆ ತಗ್ಗಿಸಿ. “ಒಮ್ಮೆರ ಬೈದ್ರ ನನಗ ಹಗುರ ಆಕ್ಕೈತಿ.”

“ನಂದಽ ತಪ್ಪು ವೈನಿ. ಲಾಳಿ ಕೊಟ್ಟು ಹೀರಬ್ಯಾಡ ಅಂದ್ರ ಹೆಂಗ?”

ಎರಡು ದಿನಗಳಲ್ಲಿ ಹೊಸ ಧ್ವನಿಗ್ರಾಹಿ ಕೂರಿಸಿ, ಪರೀಕ್ಷೆ ಮಾಡಲೆಂದು ಅವನೇ ಅದನ್ನು ತೊಟ್ಟು ಕಾರ್ಖಾನೆಯ ಬಾಗಿಲ ಬಳಿ ನಿಂತ. ಮಹಾನಂದಾ ಅವನಿಗೆ ಬೆನ್ನು ಮಾಡಿ ನೇಯುತ್ತಿದ್ದಳು. ಬಂದದ್ದು ಆಕೆಗೆ ಗೊತ್ತಿರಲಿಲ್ಲ. ಯಂತ್ರ ತಾಳ ಕಲಿಯಿತು, ಹನ್ನೆರಡು ಮಗ್ಗಗಳ ಗುಡುಗು ಒಂದೊಂದಾಗಿ ಕರಗಿತು. ಉಳಿದ ಮೌನ ಅವನು ಬಯಸಿದ್ದ ಮೌನವೇ. ಆದರೆ ಅದು ಖಾಲಿಯಾಗಿರಲಿಲ್ಲ.

ಮೊದಲು ಕೇಳಿಸಿದ್ದು ಚಂಪವ್ವನ ದನಿ. ಯಾರನ್ನೂ ಬಿಡದ ಆ ನಾಲಿಗೆ ಮನೆಯಲ್ಲಿರುವ ಸೊಸೆಗೆ ಮೆಲ್ಲಗೆ, ಬೇಡುವಂತೆ ಹೇಳುತ್ತಿತ್ತು: “ಹೊತ್ತ ಏಳೂದ್ರಾಗ ಹಂಗ ಅನಬಾರದಾಗಿತ್ತವಾ ಸೊಸಿ. ತಿಳೀಲಾರದ ಅಂದೆ. ಮನಸಿನ್ಯಾಗ ಇಟ್ಕೋಬ್ಯಾಡ.” ಆಚೆಯ ಮಗ್ಗದ ಹೊಸ ಮದುವಣಗಿತ್ತಿ ಸಂಜೆ ಗಂಡನೊಡನೆ ಆಡಬೇಕಾದ ಜಗಳವನ್ನು ಎರಡೂ ಕಡೆಯಿಂದ ಆಡಿ ನೋಡುತ್ತಿದ್ದಳು: “ನೀವು ಹಂಗಂದ್ರ ನಾ ಹಿಂಗಂತೀನಿ.” ಮಗ್ಗದ ಮುಂದೆ ಎಲ್ಲರ ತುಟಿಗಳೂ ಅಲುಗುವುದನ್ನು ಚಿದಾನಂದ ಚಿಕ್ಕಂದಿನಿಂದ ಕಂಡಿದ್ದ. ಹಾಡುತ್ತಾರೆ ಎಂದುಕೊಂಡಿದ್ದ. ಯಾರಿಗೂ ಕೇಳದೆಂಬ ಧೈರ್ಯದಲ್ಲಿ ಅವರೆಲ್ಲ ಇಷ್ಟು ವರ್ಷ ಬಾಯಿಬಿಟ್ಟು ತಮ್ಮಷ್ಟಕ್ಕೆ ಮಾತಾಡುತ್ತಿದ್ದರು.

ಆಮೇಲೆ ವೈನಿಯ ದನಿ ಬಂತು. ಆಕೆ ಅಣ್ಣನೊಡನೆ ಆಡುತ್ತಿದ್ದಳು.

“...ನಿಮ್ಮ ತಮ್ಮ ಮತ್ತೊಂದು ಡಬ್ಬಿ ಮಾಡ್ಯಾನ್ರಿ. ಈ ಸಲ ಲಾಳ್ಯಾಗ. ಬಾಯಾಗ ಹಾಕ್ಕೊಂಡು ಕೆಡಿಸಿಬಿಟ್ಟೆ. ಬೈಲಿಲ್ಲ ಪಾಪ. ಊಟ ಬಿಟ್ಟು ಕೂತಾನ ಎರಡು ದಿನಾ. ಎಡಗಿವಿ ಜ್ವರದಾಗ ಹೋತು ಅಂದ್ರ ಇನ್ನೂ ನಂಬ್ಯಾನ ನೋಡ್ರಿ. ಇಷ್ಟು ಓದ್ಯಾನ, ಅದು ತಿಳಿಯೂದಿಲ್ಲ. ಅವಾ ಧಾರವಾಡದಾಗ ಓದೂವಾಗ ಫೀ ಕಟ್ಟಾಕಂತ ಎಡಕಿನ ಮಗ್ಗಾನೂ ಹಿಡದ್ನಲ್ರಿ, ಆವಾಗ ಹೋದದ್ದು. ನೀವು ಹೇಳಬ್ಯಾಡ್ರಿ ಅವಗ. ಗೊತ್ತಾದ್ರ ಓದಿದ್ದೆಲ್ಲಾ ಕಹಿ ಆಕ್ಕೈತಿ.”

ಚಿದಾನಂದ ಕಿವಿಯಿಂದ ಬಿಲ್ಲೆಯನ್ನು ಕಿತ್ತ. ಗುಡುಗು ಒಮ್ಮೆಲೇ ಅಪ್ಪಳಿಸಿತು. ಅವನು ಅದರೊಳಗೇ ಬಹಳ ಹೊತ್ತು ನಿಂತಿದ್ದ.

ಅವನ ಕಣ್ಣ ಮುಂದೆ ಧಾರವಾಡದ ಹಾಸ್ಟೆಲಿನ ಆ ಮೇಜು ಬಂತು. ಗದ್ದಲಕ್ಕೆ ಬೇಸತ್ತು ರಾತ್ರಿ ಗ್ರಂಥಾಲಯದ ಮೂಲೆಯಲ್ಲಿ ಓದುತ್ತಿದ್ದುದು, ಆ ಮೌನವನ್ನು ತನ್ನ ಸ್ವಂತ ಸಂಪಾದನೆ ಎಂಬಂತೆ ಅನುಭವಿಸಿದ್ದು ನೆನಪಾಯಿತು. ಅದನ್ನು ಒಬ್ಬಳು ಎರಡು ಮಗ್ಗಗಳ ನಡುವೆ ನಿಂತು ಕಳಿಸಿದ್ದಳು. ಅವನಿಗೆ ದುಃಖವಾಗಬೇಕಿತ್ತು, ಆಯಿತು ಕೂಡ. ಆದರೆ ದುಃಖಕ್ಕಿಂತ ಹೆಚ್ಚಾಗಿ ಅವನೊಳಗೆ ತುಂಬಿ ಬಂದದ್ದು, ಕೈಮುಗಿಯಲು ಎದುರಿಗೆ ಜಾಗ ಸಿಗದ ಒಂದು ಕೃತಜ್ಞತೆ.

ಮರುದಿನ ಮಕ್ತುಮಸಾಬ ಹನ್ನೊಂದು ಹಳೆಯ ಲಾಳಿಗಳನ್ನು ಕೊಯ್ದು ಸಾಲಾಗಿ ಇಟ್ಟಿದ್ದ. “ಎಲ್ಲಾರಿಗೂ ಒಂದೊಂದು ಬೇಕಂತ. ಚಂಪವ್ವ ಮೊದಲನೇದು ತನಗ ಅಂದಾಳ. ಯಾಕ ಸುಮ್ಮನ ಕುಂತೀ?”

“ಕಾಕಾ, ಮಗ್ಗದ ಹಂತ್ಯಾಕ ನಿಂತಾಗ ನೀವೂ ಮಾತಾಡ್ತೀರೇನು? ಒಬ್ಬರಽ?”

ಮಕ್ತುಮಸಾಬ ಕೈಯಲ್ಲಿದ್ದ ಅರವನ್ನು ಕೆಳಗಿಟ್ಟ. “ಮತ್ತ? ಮನ್ಯಾಗ ಹನ್ನೊಂದು ಮಂದಿ, ಎರಡು ಖೋಲಿ. ಅಲ್ಲಿ ಯಾರ ಮುಂದ ಏನ ಆಡ್ಲಿ? ತೀರಿಹೋದ ಮಗಳ ಕೂಡ ನಾ ಇಲ್ಲೇ ಮಾತಾಡ್ತೀನಿ. ಈ ಸದ್ದು ನಮಗ ಬಾಗಲಾ ಇದ್ದಂಗ ತಮ್ಮಾ. ಹಾಕ್ಕೊಂಡು ಕೂಡ್ತೀವಿ.” ಚಿದಾನಂದನ ಮುಖ ನೋಡಿದ. “ಏನರ ಕೇಳಸ್ತೇನು ನಿನಗ?”

“ಇಲ್ಲ.”

“ಹಂ,” ಎಂದ ಮಕ್ತುಮಸಾಬ. ಅರವನ್ನು ಮತ್ತೆ ಕೈಗೆತ್ತಿಕೊಂಡ.

ಚಿದಾನಂದನಿಗೆ ಈಗ ಎರಡು ಕಷ್ಟಗಳು. ಹನ್ನೆರಡು ಕಿವಿಲಾಳಿಗಳು ಕೆಲಸ ಶುರುಮಾಡಿದ ದಿನ ಕಿವಿಗಳು ಉಳಿಯುತ್ತವೆ, ಆದರೆ ಆ ಬಾಗಿಲು ಮುರಿದು ಬೀಳುತ್ತದೆ. ಒಬ್ಬಳ ಮಾತು ಇನ್ನೊಬ್ಬಳಿಗೆ ಕೇಳಿತೆಂದರೆ ಮಗ್ಗದ ಮುಂದೆ ಯಾರೂ ತುಟಿ ಬಿಚ್ಚುವುದಿಲ್ಲ. ಮನುಷ್ಯರ ದನಿಯನ್ನೂ ಅಳಿಸಿಬಿಡೋಣವೆಂದರೆ ಹತ್ತಿರ ಬಂದು ಕರೆದವರ ಮಾತೂ ಕೇಳದು. ಯಾರು ತನಗೆಂದು ಆಡುತ್ತಿದ್ದಾರೆ, ಯಾರು ಇನ್ನೊಬ್ಬರಿಗೆಂದು ಆಡುತ್ತಿದ್ದಾರೆ ಎಂಬುದು ಯಂತ್ರಕ್ಕೆ ಹೇಗೆ ತಿಳಿಯಬೇಕು?

ಸತ್ತುಹೋದ ಆ ಧ್ವನಿಗ್ರಾಹಿಯಲ್ಲೇ ಉತ್ತರವಿತ್ತು. ಕೈ ಸೊಂಟಕ್ಕೆ ಹೋಗುತ್ತದೆ, ಲಾಳಿಯ ಕಣ್ಣು ತುಟಿಗೆ ಬರುತ್ತದೆ. ಇದನ್ನು ಯಾರೂ ಅವರಿಗೆ ಕಲಿಸಬೇಕಾಗಿಲ್ಲ. ಅವನು ಧ್ವನಿಗ್ರಾಹಿಯನ್ನು ಅರ್ಧ ಅಂಗುಲ ಹಿಂದಕ್ಕೆ ಸರಿಸಿದ. ಮುಂದೆ ಒದ್ದೆಯಾಗದಂತೆ ರೇಷ್ಮೆಯ ಪರದೆ ಕಟ್ಟಿದ, ಕಣ್ಣಿನ ಅಂಚಿಗೆ ಅಕ್ಕಿಕಾಳಿಗಿಂತ ಚಿಕ್ಕದಾದ ತೇವಗ್ರಾಹಿಯನ್ನು ಅಂಟಿಸಿದ. ಇನ್ನು ಮೇಲೆ ಮಾತುಗಳೆಲ್ಲ ಮಗ್ಗದ ಸದ್ದಿನೊಡನೆಯೇ ಅಳಿಯುತ್ತಿದ್ದವು. ಯಾರಾದರೂ ಲಾಳಿಯನ್ನು ತುಟಿಗೆ ತಂದು, ಉಸಿರಿನ ತೇವ ಅದರ ಕಣ್ಣಿಗೆ ತಗುಲಿದಾಗ ಮಾತ್ರ ಆ ಮಾತು ರೇಡಿಯೋ ಅಲೆಯಾಗಿ ಉಳಿದವರ ಕಿವಿಯ ಬಿಲ್ಲೆಗೆ ದಾಟುತ್ತಿತ್ತು. ಅಪಾಯಕ್ಕೆ ಚೀರಿದರೆ ಚೀರು ಯಾವಾಗಲೂ ದಾಟುತ್ತಿತ್ತು.

ಮೊದಲ ಕಿವಿಲಾಳಿಯನ್ನು ಹತ್ತು ನಿಮಿಷ ತೊಟ್ಟಿದ್ದ ಮಹಾನಂದಾಗೆ, ಹೊಸದನ್ನು ತೊಟ್ಟ ಕೂಡಲೇ ಬದಲಾವಣೆ ತಿಳಿಯಿತು. ಆ ದಿನ ಊಟದ ಹೊತ್ತಿಗೆ ಅವನ ಪಕ್ಕದಲ್ಲಿ ಕೂತು ರೊಟ್ಟಿ ಮುರಿಯುತ್ತ ಕೇಳಿದಳು:

“ಆವತ್ತ ಇದರಾಗ ಚಂಪವ್ವನ ದನಿ ಕೇಳಿದಂಗಾಗಿತ್ತು. ಇವತ್ತ ಇಲ್ಲ.”

“ಎಲ್ಲಾ ಕೇಳಸಾಕ ಹೋದ್ರ ಬ್ಯಾಟರಿ ಜಲ್ದಿ ಮುಗೀತೈತ್ರಿ ವೈನಿ.”

“ಹೌದು?” ಆಕೆ ರೊಟ್ಟಿ ಕೆಳಗಿಟ್ಟಳು. “ನೀ ಅದನ್ನ ಹಾಕ್ಕೊಂಡು ಬಾಗಲದಾಗ ನಿಂತಿದ್ದಿ ಅಂತ ಮಕ್ತುಮಣ್ಣ ಅಂದ. ನಿನಗೇನು ಕೇಳಸ್ತು?”

“ಮಗ್ಗದ ಸದ್ದು,” ಎಂದ ಚಿದಾನಂದ.

ಆಕೆ ಅವನನ್ನು ನೋಡಿದಳು. ಅವನು ಪಲ್ಯ ಬಡಿಸಿಕೊಂಡ. ಆಕೆ ರೊಟ್ಟಿಯನ್ನು ಮತ್ತೆ ಕೈಗೆತ್ತಿಕೊಂಡಳು.

“ಛಲೋ ಆತು ಬಿಡು,” ಎಂದಳು.

ಒಂದು ವರ್ಷದ ಮೇಲೆ ಹುಬ್ಬಳ್ಳಿಯ ವೈದ್ಯೆ ಹೊಸ ನಕ್ಷೆಯನ್ನು ಹಳೆಯದರ ಮೇಲಿಟ್ಟು ಬೆಳಕಿಗೆ ಹಿಡಿದರು. ಎರಡು ಗೆರೆಗಳೂ ಒಂದರ ಮೇಲೊಂದು ಕೂತಿದ್ದವು. ಒಂದು ಕೂದಲಿನಷ್ಟೂ ಇಳಿದಿರಲಿಲ್ಲ.

ಆ ಹೊತ್ತಿಗೆ ಊರಿನ ನಲವತ್ತು ಕಾರ್ಖಾನೆಗಳಿಗೆ ಕಿವಿಲಾಳಿ ಬಂದಿತ್ತು. ಯಾರೂ ಎಣಿಸದಿದ್ದ ಒಂದು ಸಂಗತಿಯನ್ನು ಚಿದಾನಂದ ಗಮನಿಸಿದ. ಲಾಳಿಯ ಕಣ್ಣನ್ನು ತುಟಿಗೆ ತಂದು ಆಡಬೇಕಾದ್ದರಿಂದ ಜನ ಆಡುವ ಮೊದಲು ಒಂದು ಕ್ಷಣ ತಡೆಯುತ್ತಿದ್ದರು. ಎಷ್ಟೋ ಮಾತುಗಳು ಅಲ್ಲೇ ಬಿದ್ದುಹೋಗುತ್ತಿದ್ದವು. ಒಮ್ಮೊಮ್ಮೆ ಒಂದು ಒಳ್ಳೆಯ ಮಾತು ದಾಟಿ ಬರುತ್ತಿತ್ತು. ಚಂಪವ್ವ ತನ್ನ ಸೊಸೆಯನ್ನೂ ಅದೇ ಕಾರ್ಖಾನೆಗೆ ಸೇರಿಸಿದ್ದಳು. ಒಂದು ದಿನ ಆಕೆ ಲಾಳಿಯನ್ನು ತುಟಿಗೆ ಒತ್ತಿಕೊಂಡು ಬಹಳ ಹೊತ್ತು ನಿಂತದ್ದನ್ನು, ಆಚೆ ತುದಿಯ ಮಗ್ಗದ ಮುಂದಿದ್ದ ಸೊಸೆ ಸೆರಗಿನಿಂದ ಕಣ್ಣೊರೆಸಿಕೊಂಡದ್ದನ್ನು ಅವನು ಬಾಗಿಲಿನಿಂದ ಕಂಡ. ಏನು ದಾಟಿತೋ ಅವನಿಗೆ ಕೇಳಿಸಲಿಲ್ಲ. ಅವನ ಕಿವಿಯಲ್ಲಿ ಬಿಲ್ಲೆ ಇರಲಿಲ್ಲ.

ಉಳಿದ ಹೊತ್ತಿನಲ್ಲಿ ಎಲ್ಲರ ತುಟಿಗಳೂ ಮೊದಲಿನಂತೆಯೇ ಅಲುಗುತ್ತಿದ್ದವು.

ಸಂಜೆ ಮಹಾನಂದಾ ಕೆಲಸ ಮುಗಿಸಿ ಬಂದಳು. ಇಬ್ಬರೂ ಮನೆಯ ಕಡೆ ನಡೆದರು. ಆಕೆಗೆ ಕೇಳಲೆಂದು ಅವನು ಯಾವಾಗಲೂ ಆಕೆಯ ಬಲಕ್ಕೇ ನಡೆಯುತ್ತಿದ್ದ. ಅಂದೂ ಬಲಕ್ಕೇ ನಡೆದ. ಆಕೆ ಆ ದಿನದ ನೇಯ್ಗೆಯ ಬಗ್ಗೆ, ಮಕ್ತುಮಸಾಬನ ಹೊಸ ಕನ್ನಡಕದ ಬಗ್ಗೆ, ರಾತ್ರಿಯ ಅಡಿಗೆಯ ಬಗ್ಗೆ ಹೇಳುತ್ತ ಹೋದಳು. ಅವನು ಹೂಂಗುಟ್ಟುತ್ತ ಹೋದ.

ಆಕೆಯ ಎಡಗಿವಿ ಜ್ವರದಿಂದ ಹೋದದ್ದಲ್ಲವೆಂದು ತನಗೆ ಗೊತ್ತಿದೆ ಎಂಬುದನ್ನು ಅವನು ಆಕೆಗೆ ಎಂದೂ ಹೇಳಲಿಲ್ಲ.